ಕಪ್ಪು ಪರದೆ ಮತ್ತು ನದಾಫ ಮಾಸ್ತರರ ಕರವಸ್ತ್ರ

ನನ್ನ ಹೆಂಡತಿ ನನ್ನ ಮೇಲೆ ಹೊರಿಸುವ ಆರೋಪಗಳಲ್ಲಿ ಒಂದನ್ನು ಮಾತ್ರ ನಾನು ತಕರಾರಿಲ್ಲದೆ ಒಪ್ಪಿಕೊಂಡಿದ್ದೇನೆ. ಕಂಪ್ಯೂಟರಿನ ಪರದೆ ಏನಾದರೂ ಕಪ್ಪಾಗಿ ಕುಳಿತರೆ ನಾನು ಅದನ್ನು ನೋಡುವುದಿಲ್ಲ, ಕೇಳುತ್ತೇನೆ. ಬಗ್ಗಿ ಅದರ ಹತ್ತಿರ ಕಿವಿ ಒಯ್ದು, ಎಡಗೈ ಎತ್ತಿ ಮನೆಮಂದಿಗೆಲ್ಲ ಸುಮ್ಮನಿರಿ ಎಂದು ಸನ್ನೆ ಮಾಡಿ, ಬಲಗೈಯ ಒಂದು ಬೆರಳಿನಿಂದ ಅಕ್ಷರ ಅಳಿಸುವ ಗುಂಡಿಯನ್ನು ಎರಡು ಸಲ ಒತ್ತುತ್ತೇನೆ. ಈಗಿನ ಯಂತ್ರಗಳು ಅದಕ್ಕೆ ಉತ್ತರ ಕೊಡುವುದಿಲ್ಲ ಎಂದು ನನಗೆ ಗೊತ್ತು. ಆದರೂ ಒತ್ತುತ್ತೇನೆ. ಮೊನ್ನೆ ಹೀಗೇ ಬಗ್ಗಿದ್ದಾಗ ಚಹಾ ತಂದವಳು ಬಾಗಿಲಲ್ಲೇ ನಿಂತು, "ನೀವು ದನದ ಡಾಕ್ಟರ್ ಆಗಬೇಕಾಗಿತ್ತು ನೋಡ್ರಿ, ದಾರಿ ತಪ್ಪಿ ಇತ್ತಾಗ ಬಂದ್ರಿ" ಎಂದಳು. ಆಮೇಲೆ ಸಡಿಲಾಗಿದ್ದ ವಾಯರನ್ನು ಅವಳೇ ಒತ್ತಿ ಗಟ್ಟಿ ಮಾಡಿದಳು. ಪರದೆ ಬೆಳಗಿತು.

ಅವಳು ನಗಲಿ, ನೀವೂ ನಗಿ. ಆದರೆ ಈ ಅಭ್ಯಾಸವನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಗೋಕಾಕದಲ್ಲಿ ನಮ್ಮ ಅಪ್ಪನ ಭಾಂಡೆ ಅಂಗಡಿಯ ಮಾಳಿಗೆಯ ಮೇಲೆ, ಒಂದು ಮುಂಜಾನೆ ಇಪ್ಪತ್ತೈದು ನಿಮಿಷಗಳಲ್ಲಿ ಕಲಿತದ್ದು. ಆ ಇಪ್ಪತ್ತೈದು ನಿಮಿಷ ಬೇರೆ ರೀತಿಯಲ್ಲಿ ಕಳೆದಿದ್ದರೆ ಇವತ್ತು ನನ್ನನ್ನು ದನದ ಡಾಕ್ಟರ್ ಎನ್ನಲು ಈ ಹೆಂಡತಿಯೂ ಇರುತ್ತಿರಲಿಲ್ಲ. ಅದೊಂದು ದೊಡ್ಡ ಕಥೆ. ಚಹಾ ಇದ್ದರೆ ತಂದುಕೊಂಡು ಕೂಡಿ.

ನಮ್ಮದು ಜೈನರ ಮನೆತನ. ಮೇಲವಂಕಿಯಲ್ಲಿ ಹೊಲ, ಗೋಕಾಕದಲ್ಲಿ ಅಂಗಡಿ. ಅವ್ವನಿಗೆ ಸಿಟ್ಟು ಬಂದರೆ ಮರಾಠಿ, ಸಿಟ್ಟು ಇಳಿದರೆ ಕನ್ನಡ. ಅಂಗಡಿಯಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಮದುವೆಗೆ ಕೊಡುವ ಸ್ಟೀಲಿನ ತಾಟು. ಗಿರಾಕಿಗಳು ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿಯೇ ಕೊಳ್ಳುತ್ತಿದ್ದರು. ಮಾಳಿಗೆಯ ಮೇಲೆ ನದಾಫ ಮಾಸ್ತರರ ಟೈಪಿಂಗ್ ಶಾಲೆ. ಹನ್ನೊಂದು ಮಷಿನುಗಳು. ಕೆಳಗೆ ಠಣ್ ಠಣ್, ಮೇಲೆ ಟಕಟಕ, ನಡುನಡುವೆ ಸಾಲು ಮುಗಿಯಿತೆಂದು ಸಾರುವ ಸಣ್ಣ ಗಂಟೆಯ ಟಿಣ್. ನಾನು ಮಗ್ಗಿ ಬಾಯಿಪಾಠ ಮಾಡಿದ್ದು ಈ ಮೇಳದ ನಡುವೆಯೇ. ಇವತ್ತಿಗೂ ತೀರ ಸದ್ದಿಲ್ಲದ ಕೋಣೆಯಲ್ಲಿ ನನಗೆ ಹದಿಮೂರರ ಮಗ್ಗಿ ಬರುವುದಿಲ್ಲ.

ನದಾಫ ಮಾಸ್ತರರು ಹುಕ್ಕೇರಿ ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಅಂಗಿ, ಜೇಬಿನಲ್ಲಿ ನೀಲಿ ಅಂಚಿನ ದೊಡ್ಡ ಕರವಸ್ತ್ರ. ಆ ಕರವಸ್ತ್ರದಿಂದ ಅವರು ಮುಖ ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ. ಹೊಸದಾಗಿ ಕಲಿಯುವವರು ಗುಂಡಿಗಳನ್ನು ಕದ್ದು ನೋಡಿದರೆ ಅದನ್ನು ಬಿಚ್ಚಿ ಅವರ ಕೈಗಳ ಮೇಲೆ ಹೊದಿಸುತ್ತಿದ್ದರು. ಒಳಗೆ ಬೆರಳುಗಳು ಏನು ಮಾಡುತ್ತಿವೆ ಎಂಬುದು ಆಮೇಲೆ ಬೆರಳಿಗೂ ಕಾಗದಕ್ಕೂ ಬಿಟ್ಟದ್ದು. "ಕಣ್ಣು ಅಂದ್ರ ಸಾಹೇಬ ಇದ್ದಂಗ, ಬರೇ ನೋಡತೈತಿ. ದುಡಿಯೂದು ಬೆರಳು" ಎಂಬುದು ಅವರ ಮಾತು.

ಬೇಸಿಗೆ ರಜೆಯಲ್ಲಿ ನನ್ನ ಕಾಟ ತಾಳಲಾರದೆ ಅವ್ವ ನನ್ನನ್ನು ಮೇಲಕ್ಕೆ ಅಟ್ಟುತ್ತಿದ್ದಳು. ಹಾಗೆ ನಾನು ಟೈಪಿಂಗ್ ಕಲಿತೆ. ಅರ್ಧ ಕಲಿತೆ ಎಂದರೆ ಸರಿ. ನನಗೆ ಬೆರಳಿಗಿಂತ ಮೂಗಿನ ಆಸೆ ಹೆಚ್ಚಾಗಿತ್ತು. ಮಾಸ್ತರರ ಕಪಾಟಿನಲ್ಲಿ ಒಂದು ಗುಲಾಬಿ ಬಣ್ಣದ ದ್ರವದ ಬಾಟಲಿ ಇರುತ್ತಿತ್ತು. ಸ್ಟೆನ್ಸಿಲ್ ಮೇಲಿನ ತಪ್ಪನ್ನು ಮುಚ್ಚುವ ಔಷಧಿ. ಅದರ ಮುಚ್ಚಳ ತೆಗೆದರೆ ಸಾಕು, ತಲೆ ಜುಮ್ ಎನ್ನುವ ಸಿಹಿ ವಾಸನೆ. ನನ್ನ ಅಕ್ಕ ಒಮ್ಮೆ ಅದನ್ನು ಕದ್ದು ಹತ್ತೂ ಉಗುರಿಗೆ ಹಚ್ಚಿಕೊಂಡು ಶಾಲೆಗೆ ಹೋಗಿದ್ದಳು.

ಸ್ಟೆನ್ಸಿಲ್ ಎಂದರೆ ಈಗಿನವರಿಗೆ ಹೇಳಬೇಕಾಗುತ್ತದೆ. ಅದು ಮೇಣ ಹಚ್ಚಿದ ತೆಳು ಹಾಳೆ. ಅದರ ಮೇಲೆ ಟೈಪ್ ಮಾಡುವಾಗ ಮಷಿನಿನ ರಿಬ್ಬನ್ನನ್ನು ಸರಿಸಿಬಿಡಬೇಕು. ಶಾಯಿ ಇಲ್ಲದ ಅಚ್ಚು ನೇರವಾಗಿ ಬಡಿದು ಮೇಣವನ್ನು ಕತ್ತರಿಸುತ್ತದೆ. ಆಮೇಲೆ ಅದನ್ನು ಉರುಳೆಗೆ ಹಾಕಿ ತಿರುಗಿಸಿದರೆ ನೂರಾರು ಪ್ರತಿ ಬರುತ್ತವೆ. ಆದರೆ ಹೊಡೆಯುವಾಗ ಏನು ಹೊಡೆದೆವೆಂದು ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆಗಳೆಲ್ಲ ಮಾಸ್ತರರ ಬಳಿಗೇ ಬರುತ್ತಿದ್ದವು. ಅವರು ಸ್ಟೆನ್ಸಿಲ್ ಹೊಡೆಯುವಾಗ ಕಿಟಕಿಯ ಹೊರಗೆ ನೋಡುತ್ತ ಕೂಡುತ್ತಿದ್ದರು. ತಪ್ಪಾದರೆ ಬೆರಳಿಗೇ ಗೊತ್ತಾಗುತ್ತಿತ್ತು. ಸಾಲು ಮುಗಿದದ್ದು ಗಂಟೆಯಿಂದ ತಿಳಿಯುತ್ತಿತ್ತು.

ಮಾಸ್ತರರಿಗೆ ನನ್ನ ಮೇಲೆ ಒಂದೇ ಕೊರಗು. ನಾನು ಮೂರು ಸಲ ಟೈಪಿಂಗ್ ಪರೀಕ್ಷೆಗೆ ಹೆಸರು ಕೊಟ್ಟವನು, ಮೂರೂ ಸಲ ಪರೀಕ್ಷೆಯ ದಿನ ಜ್ವರ ಬಂದು ಮಲಗಿದವನು. ಮಧ್ಯಾಹ್ನಕ್ಕೆ ಜ್ವರ ಇಳಿದು ಸಂಜೆ ಕ್ರಿಕೆಟ್ ಆಡಲು ಹೋಗುತ್ತಿದ್ದೆ. "ಅಜಿತ್ಯಾ, ನನ್ನ ಕೈಯಾಗ ಕಲತವರು ಎಲ್ಲಾ ಕಚೇರಿಯಾಗ ಕುಂತಾರ. ನೀ ಒಬ್ಬವ ಇನ್ನೂ ಪರೀಕ್ಷಾಕ್ಕ ಸುದ್ಧಾ ಕುಂತಿಲ್ಲ" ಎಂದು ಸಿಕ್ಕಾಗೆಲ್ಲ ಹೇಳುತ್ತಿದ್ದರು.

ಹೊಸ ಸಹಸ್ರಮಾನ ಬಂದ ಹೊತ್ತಿಗೆ ನಾನು ಬೆಳಗಾವಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುವ ಗತಿಯಲ್ಲಿದ್ದೆ. ಬಿಡಿಭಾಗ ತಂದು ಒಂದು ಕಂಪ್ಯೂಟರ್ ಜೋಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಮಾಸಪತ್ರಿಕೆಯೊಂದಿಗೆ ಪುಕ್ಕಟೆ ಬಂದ ಸೀಡಿಯಿಂದ ಅದಕ್ಕೆ ಯಂತ್ರ ನಡೆಸುವ ಲಿನಕ್ಸ್ ತಂತ್ರಾಂಶ ತುಂಬಿದೆ. ವೈರಸ್ ಬರುವುದಿಲ್ಲ, ಕೆಡುವುದಿಲ್ಲ, ದುಡ್ಡು ಬೇಡ ಎಂದು ಊರೆಲ್ಲ ಸಾರಿದೆ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಪುಕಟ ಬಂದ ಕೊಡ ಮೊದಲ ಬಡದು ನೋಡಬೇಕು" ಎಂದರು. ಅಂಗಡಿಕಾರರ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸ್ತರರನ್ನು ಪುಸಲಾಯಿಸಿ ಯಂತ್ರವನ್ನು ಅವರ ಶಾಲೆಯ ಮೂಲೆಯಲ್ಲಿ ಇಟ್ಟೆ. ಬೋರ್ಡಿನಲ್ಲಿ ಟೈಪಿಂಗ್ ಎಂಬುದರ ಮುಂದೆ 'ಮತ್ತು ಕಂಪ್ಯೂಟರ್' ಎಂದು ಬರೆಸಿದೆ. ಜಾಗ ಸಾಲದೆ ಪೇಂಟರ್ ಕೊನೆಯ ಅಕ್ಷರವನ್ನು ಗೋಡೆಯ ಮೇಲೆ ಬರೆದ.

ಆ ಲಿನಕ್ಸ್‌ನಲ್ಲಿ ಎರಡು ನಮೂನೆಯ ಕೋಣೆಗಳಿದ್ದವು ಎಂದುಕೊಳ್ಳಿ. ಒಂದು ಕರಿಹಲಗೆಯಂಥ ಕೋಣೆ, ಕಪ್ಪು ನೆಲದ ಮೇಲೆ ಬರೀ ಬಿಳಿ ಅಕ್ಷರ. ಕೆಲಸವೆಲ್ಲ ಅಲ್ಲಿ. ಇನ್ನೊಂದು ಚಿತ್ರಗಳ ಕೋಣೆ, ಬಣ್ಣದ ಹಿನ್ನೆಲೆ, ಕಿಟಕಿಗಳು, ಮೌಸಿನ ಬಾಣ. ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ನಾನು ಇಷ್ಟಕ್ಕೆ ಸುಮ್ಮನಿದ್ದರೆ ಎಲ್ಲ ಸರಿಯಾಗಿಯೇ ಇತ್ತು. ಅಕ್ಷರದ ಕೋಣೆಯೂ ಅಂದವಾಗಿ ಕಾಣಲೆಂದು, ಯಂತ್ರ ಎದ್ದೇಳುವಾಗ ಓದುವ ಕಡತದಲ್ಲಿ ಪತ್ರಿಕೆ ನೋಡಿ ಒಂದು ಸಾಲು ಸೇರಿಸಿದ್ದೆ. ಅಕ್ಷರಗಳು ಸಣ್ಣಗೆ, ಮುದ್ದಾಗಿ ಬಂದವು. ಆ ಒಂದು ಸಾಲಿನ ಸಂಗತಿಗೆ ಆಮೇಲೆ ಬರುತ್ತೇನೆ.

ಇನ್ನು ಕಸ್ತೂರಕ್ಕ. ಮಮದಾಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು. ಗಂಡ ಸರಕಾರಿ ಕಚೇರಿಯಲ್ಲಿ ಸಿಪಾಯಿಯಾಗಿದ್ದವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಜಾಗದ ಮೇಲೆ ಇವರಿಗೆ ಗುಮಾಸ್ತೆಯ ಕೆಲಸ ಕೊಡುವುದಾಗಿ ಹೇಳಿದ್ದರು, ಆದರೆ ಟೈಪಿಂಗ್ ಪಾಸಾಗಬೇಕು. ಕೊಟ್ಟ ಅವಧಿಯಲ್ಲಿ ಉಳಿದದ್ದು ಇದೊಂದೇ ಪರೀಕ್ಷೆ. ಮನೆಯಲ್ಲಿ ಎರಡು ಮಕ್ಕಳು, ಒಬ್ಬ ಅತ್ತೆ. ಇಷ್ಟೆಲ್ಲ ಇದ್ದೂ ಅವರಷ್ಟು ನಗುವವರು ಆ ಮಾಳಿಗೆಯ ಮೇಲೆ ಬೇರೆ ಯಾರೂ ಇರಲಿಲ್ಲ. ನನ್ನನ್ನು 'ಸರ್ರ' ಎನ್ನುತ್ತಿದ್ದರು. ಆ 'ರ್ರ'ದಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

ಆ ವರ್ಷ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಟೈಪಿಂಗ್ ಶಾಲೆಗಳ ಅಭ್ಯರ್ಥಿಗಳ ಪಟ್ಟಿಯನ್ನು ಒಟ್ಟು ಮಾಡಿ ಬೆಳಗಾವಿಗೆ ಮುಟ್ಟಿಸುವ ಹೊಣೆ ನದಾಫ ಮಾಸ್ತರರದು. ನೂರಾ ಹದಿನೆಂಟು ಹೆಸರು. ಒಬ್ಬೊಬ್ಬರಿಗೂ ತಂದೆಯ ಹೆಸರು, ಊರು, ಹುಟ್ಟಿದ ತಾರೀಖು ಎಂದು ಎಂಟು ಖಾನೆ. ಮೂಡಲಗಿಯವರ ಹೆಸರುಗಳು ಬಂದು ಮುಟ್ಟಿದ್ದು ಕೊನೆಯ ದಿನಕ್ಕೆ ಹಿಂದಿನ ಸಂಜೆ. ಮಾಸ್ತರರು ಮಷಿನಿನ ಮೇಲೇ ಹೊಡೆಸಿಬಿಡೋಣ ಎಂದರು. ನಾನು ಬಿಡಲಿಲ್ಲ. "ಒಂದು ತಪ್ಪಾದ್ರ ಇಡೀ ಹಾಳಿ ಮತ್ತ ಹೊಡೀಬೇಕಾಗತೈತಿ ಸರ್, ಕಂಪ್ಯೂಟರ್‌ನ್ಯಾಗ ಹಂಗಿಲ್ಲ" ಎಂದು ಭಾಷಣ ಮಾಡಿದೆ. ಎಲ್ಲರಿಗಿಂತ ವೇಗವಾಗಿ ಹೊಡೆಯುತ್ತಿದ್ದವರು ಕಸ್ತೂರಕ್ಕ. ಗೋಕಾಕದಲ್ಲೇ ತಂಗಿಯ ಮನೆಯಲ್ಲಿ ಉಳಿದು, ಮುಂಜಾನೆ ಆರಕ್ಕೆ ಕರೆಂಟ್ ಬಂದ ಕೂಡಲೇ ಯಂತ್ರದ ಮುಂದೆ ಕುಳಿತರು. ಹನ್ನೆರಡಕ್ಕೆ ಕರೆಂಟ್ ಹೋಗುವುದು ದಿನದ ಪದ್ಧತಿ. ಒಂದರ ಬಸ್ಸಿಗೆ ಮಾಸ್ತರರು ಬೆಳಗಾವಿಗೆ ಹೊರಡಬೇಕು.

ಇಲ್ಲಿ ನನ್ನ ಜಾಣತನದ ಇನ್ನೊಂದು ಪ್ರಸಂಗ ಹೇಳಲೇಬೇಕು. ಕಸ್ತೂರಕ್ಕನಿಗೆ ಬರೆಯುವ ತಂತ್ರಾಂಶವನ್ನು ನಾನು ಪಾಠದ ಪ್ರಕಾರ ಕಲಿಸುತ್ತಿದ್ದೆ. ಹೊಡೆಯುವುದು ಮೊದಲ ಪಾಠ, ತಿದ್ದುವುದು ಎರಡನೆಯದು. ಹೊಡೆದದ್ದನ್ನು ಉಳಿಸಿಡುವುದು ನಾಲ್ಕನೆಯ ಪಾಠ. ನಾವಿನ್ನೂ ಎರಡರಲ್ಲೇ ಇದ್ದೆವು. ಅವರೂ ಕೇಳಲಿಲ್ಲ, ಮಾಸ್ತರರೂ ಕೇಳಲಿಲ್ಲ. ಟೈಪ್‌ರೈಟರಿನ ಮಂದಿಗೆ 'ಉಳಿಸುವುದು' ಎಂಬುದೊಂದು ಬೇರೆ ಕೆಲಸವಿದೆ ಎಂದು ಹೊಳೆಯುವುದಾದರೂ ಹೇಗೆ? ಅಲ್ಲಿ ಹೊಡೆದ ಅಕ್ಷರ ಕಾಗದದ ಮೇಲೆ ಕೂತೇ ಬಿಟ್ಟಿರುತ್ತದೆ. ಐದು ತಾಸು ಹೊಡೆದದ್ದೆಲ್ಲ ಗಾಳಿಯಲ್ಲಿ ತೂಗುತ್ತಿದೆ ಎಂದು ಬಲ್ಲವನು ನಾನೊಬ್ಬನೇ. ನಾನು ಮರೆತಿದ್ದೆ.

ಹನ್ನೊಂದೂ ಕಾಲರ ಹೊತ್ತಿಗೆ ನೂರಾ ಹದಿನೈದು ಹೆಸರು ಮುಗಿದಿದ್ದವು. ಮೂರು ಬಾಕಿ. ಕೊನೆಯದು ಕಸ್ತೂರಕ್ಕನದೇ. ಊರಮಂದಿಗೆ ಬಡಿಸಿ ತಾವು ಉಣ್ಣುವವರು ಅವರು. ಆಗ ಕೆಳಗಿನಿಂದ ಅಪ್ಪ ಕೂಗಿದರು. "ಅಜಿತ್ಯಾ, ಹುಕ್ಕೇರಿಯಿಂದ ಒಬ್ಬರು ಮ್ಯಾಲೆ ಬರಾಕತ್ತಾರ. ತೆಲಿ ಬಾಚಿಕೋ."

ತಲೆ ಬಾಚಿಕೋ ಎಂದರೆ ಏನೆಂದು ನನಗೆ ಅರ್ಥವಾಯಿತು. ನಮ್ಮಲ್ಲಿ ವರನನ್ನು ನೋಡಲು ಬರುವವರು ನೋಡಲು ಬಂದೆವೆಂದು ಹೇಳುವುದಿಲ್ಲ. ಹಂಡೆ ಕೊಳ್ಳಲು ಬಂದಿರುತ್ತಾರೆ. ಇವರೂ ಒಂದು ಹಂಡೆಯನ್ನು ಬಡಿದು ನೋಡಿ, ಇನ್ನು ನನ್ನನ್ನು ಬಡಿದು ನೋಡಲು ಮೆಟ್ಟಿಲು ಹತ್ತಿದ್ದರು. ಹಳದಿ ರುಮಾಲು, ಗಂಭೀರ ಮುಖ. ಯಂತ್ರವನ್ನೂ ನನ್ನನ್ನೂ ಒಂದು ಸುತ್ತು ನೋಡಿ, "ಇದರಾಗ ಬರೇ ಅಕ್ಷರಷ್ಟ ಬರತಾವೋ, ಚಿತ್ರಾನೂ ಬರತಾವೋ?" ಎಂದು ಕೇಳಿದರು.

ಇಂಥ ಪ್ರಶ್ನೆಗೆ ಕಾಯುತ್ತಿದ್ದವನು ನಾನು. "ಒಂದ ನಿಮಿಷ ಸರೀರಿ ಅಕ್ಕಾರ" ಎಂದೆ. ಕಸ್ತೂರಕ್ಕ ರಿಜಿಸ್ಟರಿನಲ್ಲಿ ತಾವು ಹೊಡೆಯಬೇಕಾಗಿದ್ದ ಸಾಲಿನ ಮೇಲೆ ತಲೆಯ ಪಿನ್ನು ಇಟ್ಟು ಎದ್ದರು. ನಾನು ಪಟ್ಟಿ ಇದ್ದ ಕೋಣೆಯನ್ನು ಹಾಗೇ ಬಿಟ್ಟು ಅಂಥದೇ ಇನ್ನೊಂದು ಅಕ್ಷರದ ಕೋಣೆಗೆ ಹಾರಿ, ಚಿತ್ರದ ಕೋಣೆಯನ್ನು ತೆರೆಯುವ ಆಜ್ಞೆ ಕೊಟ್ಟೆ. ಪರದೆಯ ತುಂಬ ನೀಲಿ ಆಕಾಶ. ಬಾಣ ಓಡಾಡಿತು, ಕಿಟಕಿ ತೆರೆಯಿತು, ಮುಚ್ಚಿತು. ಹುಕ್ಕೇರಿಯವರು ಹುಬ್ಬು ಏರಿಸಿದರು. ನನ್ನ ಮದುವೆ ಮುಗಿದಂತೆಯೇ ಎನಿಸಿತು. ಠೀವಿಯಿಂದ ಮೂರು ಗುಂಡಿ ಒತ್ತಿ ಪಟ್ಟಿಯ ಕೋಣೆಗೆ ಮರಳಿದೆ.

ಕಪ್ಪು.

ಅಕ್ಷರವಿಲ್ಲ, ಮಿಣುಕುವ ಗೆರೆಯಿಲ್ಲ. ಮತ್ತೆ ಚಿತ್ರದ ಕೋಣೆಗೆ ಹಾರಿದೆ. ಅಲ್ಲೂ ಕಪ್ಪು. ತಿರುಗಿ ಬಂದೆ. ಕಪ್ಪು. ಪರದೆಯ ದೀಪ ಉರಿಯುತ್ತಿದೆ, ಪೆಟ್ಟಿಗೆಯ ಫ್ಯಾನು ತಿರುಗುತ್ತಿದೆ, ಕಾಣುವುದು ಮಾತ್ರ ನನ್ನದೇ ಮುಖ. ಬೆಳಕಿನ ತಿರುಪು ತಿರುಗಿಸಿದೆ, ವಾಯರ್ ಜಗ್ಗಿದೆ, ಪರದೆಯನ್ನು ಆರಿಸಿ ಹಚ್ಚಿದೆ. ಆಮೇಲೆ ಬುದ್ಧಿ ಕೈಬಿಟ್ಟಿತು. ಹೊರಗೆ ಬಿಡು, ಕಾಪಾಡು ಎನ್ನುವ ಅರ್ಥದ ಇಂಗ್ಲಿಷ್ ಆಜ್ಞೆಗಳನ್ನೆಲ್ಲ ಕೈಗೆ ಬಂದಂತೆ ಕುಟ್ಟಿದೆ. ಎಕ್ಸಿಟ್, ಎಕ್ಸಿಟ್, ಕ್ವಿಟ್, ಹೆಲ್ಪ್.

"ನಮ್ಮ ಟೀವಿ ಹಿಂಗಾದ್ರ ತೆಲಿ ಮ್ಯಾಲೊಂದು ಹೊಡಿತೇವ್ರಿ" ಎಂದರು ಹುಕ್ಕೇರಿಯವರು. ಯಾರ ತಲೆ ಎಂದು ಹೇಳಲಿಲ್ಲ.

ಹನ್ನೊಂದೂವರೆ ದಾಟಿತ್ತು. ಉಳಿದ ಒಂದೇ ಉಪಾಯವೆಂದರೆ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸುವುದು. ಕೈ ಸ್ವಿಚ್ಚಿನ ತನಕ ಹೋದಾಗ ಮಾಸ್ತರರು ಕೇಳಿದರು, "ಬಂದ್ ಮಾಡಿದ್ರ ಪಟ್ಟಿ?"

ಆ ಕ್ಷಣದಲ್ಲಿ ನೆಲ ಬಾಯ್ತೆರೆದಿದ್ದರೆ ನಾನು ಸಂತೋಷದಿಂದ ಇಳಿದುಹೋಗುತ್ತಿದ್ದೆ. "ಹೋಗತೈತಿ ಸರ್. ಪೂರಾ ಹೋಗತೈತಿ. ಹೊಡೆದಿದ್ದನ್ನ ಉಳಸಬೇಕಾಗತೈತಿ, ಅದನ್ನ ನಾ ಇವರಿಗೆ ಕಲಿಸೇ ಇಲ್ಲ. ತಪ್ಪು ಎಲ್ಲಾ ನಂದು."

ಕಸ್ತೂರಕ್ಕ ನಗಲಿಲ್ಲ. ಅವರು ನಗದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ. "ಈಗ ಮಷಿನ್ ಮ್ಯಾಲೆ ಹೊಡದ್ರ ಮುಗಿಯೂದಿಲ್ಲಲ್ರಿ, ಒಂದರ ಬಸ್ಸಿಗೆ" ಎಂದರು ಮೆಲ್ಲಗೆ. ಮುಗಿಯುತ್ತಿರಲಿಲ್ಲ. ಪಟ್ಟಿ ಹೋಗದಿದ್ದರೆ ಉಳಿದ ನೂರಾ ಹದಿನೇಳು ಮಂದಿ ಮುಂದಿನ ಪರೀಕ್ಷೆಗೆ ಕೂಡುತ್ತಿದ್ದರು. ಇವರಿಗೆ ಮುಂದಿನದು ಇರಲಿಲ್ಲ.

ಮಾಸ್ತರರು ಮಾತ್ರ ವಿಚಾರ ಮಾಡುತ್ತಿದ್ದರು. "ಬಂದ್ ಮಾಡಿದ್ರ ಹೋಗತೈತಿ ಅಂದಿ. ಅಂದ್ರ ಈಗ ಒಳಗ ಐತಿ?"

"ಐತ್ರಿ. ಕಾಣವಲ್ದು ಅಷ್ಟ."

"ಈಕಿ ಹೊಡದ್ರ ಒಳಗ ಹೋಗತೈತಿ?"

ಸಂಖ್ಯೆಗಳ ಗುಂಡಿಗಳಿಗೆ ಬೀಗ ಹಾಕುವ ನಮ್ ಲಾಕ್ ಒತ್ತಿ ನೋಡಿದೆ. ಕೀಬೋರ್ಡಿನ ಮೂಲೆಯ ಸಣ್ಣ ಹಸಿರು ದೀಪ ಆರಿತು, ಮತ್ತೊಮ್ಮೆ ಒತ್ತಿದರೆ ಹತ್ತಿತು. ಯಂತ್ರಕ್ಕೆ ಜೀವವಿತ್ತು. "ಹೋಗತೈತ್ರಿ" ಎಂದೆ.

"ಹಂಗಾದ್ರ ಕಾಣೂದು ಯಾಕ ಬೇಕಲೇ?" ಎಂದರು ಮಾಸ್ತರರು. "ಕಸ್ತೂರವ್ವಾ, ಕುಂಡ್ರು. ಇದು ಸ್ಟೆನ್ಸಿಲ್ ಅಂತ ತಿಳಕೋ."

ನಾನು ಆರು ತಿಂಗಳ ಕೋರ್ಸ್ ಮಾಡಿದವನು. ಪತ್ರಿಕೆಯ ಹಿಂದಿನ ಸಂಚಿಕೆಗಳನ್ನೆಲ್ಲ ಓದಿದವನು. ಇಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ. ಪರದೆ ಸತ್ತರೆ ಯಂತ್ರವೇ ಸತ್ತಿತು ಎಂದು ನಾನು ತಿಳಿದಿದ್ದೆ. ರಿಬ್ಬನ್ ಸರಿಸಿ ಮೂವತ್ತು ವರ್ಷ ಹೊಡೆದವರಿಗೆ ಹಾಗೆ ಅನ್ನಿಸುವುದು ಸಾಧ್ಯವಿರಲಿಲ್ಲ.

"ಕಣ್ಣು ಗುಂಡಿ ಕಡೇನ ಹೊಂಟಾವ್ರಿ ಮಾಸ್ತರ್ರ" ಎಂದರು ಕಸ್ತೂರಕ್ಕ. ಮಾಸ್ತರರು ಜೇಬಿನಿಂದ ನೀಲಿ ಅಂಚಿನ ಕರವಸ್ತ್ರ ತೆಗೆದು, ಬಿಚ್ಚಿ, ಅವರ ಎರಡೂ ಕೈಗಳ ಮೇಲೆ ಹೊದಿಸಿದರು. ಮೊದಲ ದಿನ ಬಂದ ವಿದ್ಯಾರ್ಥಿಗೆ ಹೊದಿಸುವಂತೆ. ಕಸ್ತೂರಕ್ಕ ಕಣ್ಣು ಮುಚ್ಚಿದರು. ಪಿನ್ನು ಇಟ್ಟ ಸಾಲಿನಿಂದ ಮಾಸ್ತರರು ತಮ್ಮ ಪರೀಕ್ಷೆಯ ದನಿಯಲ್ಲಿ ಓದತೊಡಗಿದರು. ನೂರಾ ಹದಿನಾರು, ತುಕ್ಕಾನಟ್ಟಿಯ ಹುಡುಗ. ನೂರಾ ಹದಿನೇಳು, ಹುಕ್ಕೇರಿಯ ಹುಡುಗಿ. ಕರವಸ್ತ್ರದ ಕೆಳಗೆ ಬೆರಳುಗಳು ಓಡುತ್ತಿದ್ದವು. ಹುಕ್ಕೇರಿಯ ಹಿರಿಯರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ನೂರಾ ಹದಿನೆಂಟು" ಎಂದು ಮಾಸ್ತರರು ನಿಲ್ಲಿಸಿದರು. "ಇದನ್ನ ನಾ ಓದೂದಿಲ್ಲ. ನಿನ್ನ ಹೆಸರು ನಿನಗ ಗೊತ್ತೈತಿ."

ಕಸ್ತೂರಕ್ಕ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೊಡೆದರು.

ಈಗ ನನ್ನ ಸರದಿ. ನಾಲ್ಕನೆಯ ಪಾಠವನ್ನು ಕತ್ತಲೆಯಲ್ಲಿ ಕಲಿಸಬೇಕಾಗಿತ್ತು. ಮೊದಲು ಎಡಮೂಲೆಯ ಎಸ್ಕೇಪ್ ಗುಂಡಿ, ಬರೆಯುವುದನ್ನು ನಿಲ್ಲಿಸಲು. ಒತ್ತಿದರು. ನಿಂತಿತೋ ಇಲ್ಲವೋ ತಿಳಿಯುವುದು ಹೇಗೆ? ಗಾಬರಿಯಲ್ಲಿ ನಾನು, "ಇನ್ನೊಮ್ಮೆ ಒತ್ರಿ" ಎಂದೆ. ಪೆಟ್ಟಿಗೆಯೊಳಗಿನಿಂದ ಬೀಪ್ ಎಂದಿತು. ನಿಂತಮೇಲೆ ಮತ್ತೆ ನಿಲ್ಲು ಎಂದರೆ ಅದು ಹಾಗೆ ಗೊಣಗುತ್ತದೆ.

"ಗಂಟಿ ಬಾರಿಸ್ತು!" ಎಂದರು ಮಾಸ್ತರರು, ಮುಖವರಳಿಸಿ. "ಸಾಲು ಮುಗದೈತಿ. ಮುಂದ?"

ಕೋಲನ್, ಡಬ್ಲ್ಯೂ, ಕ್ಯೂ, ಅಂದರೆ ಉಳಿಸಿ ಹೊರಗೆ ಬಾ, ಕೊನೆಗೆ ಎಂಟರ್. ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿಣುಕಿತು. ಒಳಗೆ ಕುರ್ ಎಂದು ಸಣ್ಣ ಸದ್ದು. ಕಡತ ಉಳಿದು ಹೊರಗೆ ಬಂದಿದ್ದರೆ ಎದುರು ಖಾಲಿ ಸಾಲು ಇರಬೇಕು. ಖಾಲಿ ಸಾಲಿನಲ್ಲಿ ಅಳಿಸಲು ಹೋದರೆ ಯಂತ್ರ ಮತ್ತೆ ಗೊಣಗಬೇಕು. "ಅಳಿಸೂ ಗುಂಡಿ ಎರಡ ಸಲ" ಎಂದೆ. ನಾವು ನಾಲ್ವರೂ ಆ ತಗಡಿನ ಪೆಟ್ಟಿಗೆಗೆ ಕಿವಿ ಕೊಟ್ಟೆವು. ಕೆಳಗೆ ಯಾರೋ ಹಂಡೆ ಬಡಿಯುತ್ತಿದ್ದರು. ನಾನು ಮೆಟ್ಟಿಲಿನಿಂದ ಬಗ್ಗಿ, "ಅಪ್ಪಾ, ಎರಡ ನಿಮಿಷ ಸುಮ್ಮನ ಇರಸ್ರಿ!" ಎಂದು ಕೂಗಿದೆ.

ಬೀಪ್. ಬೀಪ್.

ಹೀಗೆ ಹುಟ್ಟಿತು ನನ್ನ ದನದ ಡಾಕ್ಟರಿಕೆ.

ನಾನು ಹೇಳಿಕೊಟ್ಟ ಮುದ್ರಣದ ಆಜ್ಞೆ ಹೊಡೆದು ಕಸ್ತೂರಕ್ಕ ಕೈ ಎತ್ತಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಪ್ರಿಂಟರ್ ಕರ್ರ್ ಎಂದು ಅರಚಿತು. ಅಷ್ಟು ಕರ್ಕಶ ಸದ್ದು ನನಗೆ ಅಷ್ಟು ಇಂಪಾಗಿ ಮತ್ತೆಂದೂ ಕೇಳಿಲ್ಲ. ಪರದೆ ಇನ್ನೂ ಕಪ್ಪು, ಹಾಳೆಯ ಮೇಲೆ ಮಾತ್ರ ಹೆಸರುಗಳು ಸಾಲಾಗಿ ಇಳಿಯುತ್ತ ಬಂದವು. ಮಾಸ್ತರರು ರೂಢಿಯಂತೆ ಕಾರ್ಬನ್ ಇರುವ ಜೋಡಿ ಹಾಳೆ ಹಾಕಿಸಿದ್ದರು. ಕೊನೆಯ ಹಾಳೆ ಹೊರಗೆ ಬಂದು ಇನ್ನೂ ಹರಿದುಕೊಂಡಿರಲಿಲ್ಲ, ಕರೆಂಟ್ ಹೋಯಿತು. ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಕಸ್ತೂರಕ್ಕ ಜೋರಾಗಿ ಅತ್ತರು, ಅಳುತ್ತಲೇ ನಕ್ಕರು. ನನಗೂ ಕಣ್ಣು ತುಂಬಿತು, ಹುಕ್ಕೇರಿಯವರು ನೋಡುತ್ತಿದ್ದಾರೆಂಬ ನಾಚಿಕೆಯೂ ಆಗಲಿಲ್ಲ.

ಮಾಸ್ತರರು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದರು. ಕೊನೆಯ ಹಾಳೆಯಲ್ಲಿ ನಿಂತರು.

"ಅಜಿತ್ಯಾ, ನೂರಾ ಹದಿನೈದರ ಕೆಳಗ ಇಂವಾ ಯಾರಲೇ? ಹೆಸರು ಎಕ್ಸಿಟ್, ಅಪ್ಪನ ಹೆಸರೂ ಎಕ್ಸಿಟ್, ಅಡ್ಡಹೆಸರು ಕ್ವಿಟ್. ಊರು ಹೆಲ್ಪ್!"

ನಾನು ಗಾಬರಿಯಲ್ಲಿ ಕುಟ್ಟಿದ್ದೆಲ್ಲ ನೇರವಾಗಿ ಪಟ್ಟಿಯೊಳಗೆ ಹೋಗಿ ಕೂತಿತ್ತು. ಮತ್ತೆ ಮುದ್ರಿಸಲು ಕರೆಂಟ್ ಇರಲಿಲ್ಲ. ಮಾಸ್ತರರು ಮೇಲಿನ ಪ್ರತಿಯನ್ನು ತಮ್ಮ ಹಳೆಯ ಮಷಿನಿಗೆ ಏರಿಸಿ, ಆ ಸಾಲಿನ ಮೇಲೆ ಟಕಟಕ ಎಂದು ಒಂದೇ ಅಕ್ಷರವನ್ನು ಉದ್ದಕ್ಕೂ ಹೊಡೆದು ಮುಚ್ಚಿದರು. ಪಕ್ಕದಲ್ಲಿ ಸಹಿ ಹಾಕಿದರು. ಅದಕ್ಕೆ ಕರೆಂಟೂ ಬೇಕಾಗಿರಲಿಲ್ಲ, ನಾನೂ ಬೇಕಾಗಿರಲಿಲ್ಲ. ಒಂದರ ಬಸ್ಸು ಅವರಿಗೆ ಸಿಕ್ಕಿತು.

ಪರದೆ ಯಾಕೆ ಕಪ್ಪಾಯಿತು ಎಂಬುದು ಗೊತ್ತಾಗಲು ನನಗೆ ಎಂಟು ದಿನ ಹಿಡಿಯಿತು. ಪರದೆ ಬದಲಿಸಿದೆ, ವಾಯರ್ ಬದಲಿಸಿದೆ, ಕರೆಂಟಿನವರನ್ನು ಬೈದೆ. ಕೊನೆಗೆ ಕಳ್ಳ ಸಿಕ್ಕಿದ್ದು ಮನೆಯಲ್ಲೇ. ಅಕ್ಷರಗಳು ಮುದ್ದಾಗಿ ಬರಲೆಂದು ನಾನು ಸೇರಿಸಿದ್ದ ಆ ಒಂದು ಸಾಲು. ಅದರಿಂದ ಅಕ್ಷರದ ಕೋಣೆ ಚಿತ್ರದ ಕಾರ್ಡನ್ನು ತನ್ನ ರೀತಿಯಲ್ಲಿ ಹಿಡಿಯುತ್ತಿತ್ತು, ಚಿತ್ರದ ಕೋಣೆ ತನ್ನ ರೀತಿಯಲ್ಲಿ. ಒಂದೇ ಎತ್ತಿನ ಹಗ್ಗವನ್ನು ಇಬ್ಬರು ಎರಡು ಕಡೆ ಜಗ್ಗಿದರೆ ಎತ್ತು ನಿಂತಲ್ಲೇ ನಿಲ್ಲುತ್ತದೆ. ಸಾಲನ್ನು ತೆಗೆದುಹಾಕಿದೆ. ಅಕ್ಷರಗಳು ಮೊದಲಿನಂತೆ ದೊಡ್ಡದಾಗಿ, ಒರಟಾಗಿ ಬಂದವು. ಪರದೆ ಮತ್ತೆಂದೂ ಕಪ್ಪಾಗಲಿಲ್ಲ.

ಹುಕ್ಕೇರಿಯವರು ಹಂಡೆಯನ್ನೂ ಕೊಂಡರು, ನನ್ನನ್ನೂ. "ಹುಡುಗ ಶಾಣ್ಯಾ ಅಲ್ಲ. ಆದ್ರ ತಪ್ಪು ನಂದು ಅಂತ ಎಲ್ಲಾರ ಮುಂದ ಖರೆ ಹೇಳಿದ" ಎಂದು ಮನೆಯಲ್ಲಿ ಹೇಳಿದರಂತೆ. ಹೆಂಡತಿ ಈ ಮಾತಿನ ಮೊದಲ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾಳೆ.

ಕಸ್ತೂರಕ್ಕ ಪಾಸಾದರು. ಟೈಪಿಂಗ್ ಶಾಲೆ ಕೆಲವು ವರ್ಷ ನಡೆದು ಮುಚ್ಚಿತು. ನದಾಫ ಮಾಸ್ತರರು ಹುಕ್ಕೇರಿಗೆ ಮರಳಿ, ಅಲ್ಲೇ ತೀರಿಕೊಂಡರು. ಅವರನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ಆ ಗುಲಾಬಿ ಔಷಧಿಯ ವಾಸನೆ ಬರುತ್ತದೆ, ದುಃಖ ಅದರ ಹಿಂದೆ ಬರುತ್ತದೆ.

ಹೋದ ವರ್ಷ ಹೊಲದ ಕಾಗದಕ್ಕಾಗಿ ಮೂಡಲಗಿಯ ಒಂದು ಕಚೇರಿಗೆ ಹೋಗಿದ್ದೆ. ಕಿಟಕಿಯ ಒಳಗೆ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬರು ತಲೆ ಎತ್ತಿ, "ಬರ್ರಿ ಸರ್ರ" ಎಂದರು. ಆ 'ರ್ರ' ಕೇಳಿದ ಮೇಲೆ ಹೆಸರು ಕೇಳುವ ಅಗತ್ಯ ಬೀಳಲಿಲ್ಲ. ಕಸ್ತೂರಕ್ಕ ನಿವೃತ್ತಿಗೆ ಹತ್ತಿರ ಬಂದಿದ್ದರು. ಚಹಾ ತರಿಸಿದರು, ಮಕ್ಕಳ ನೌಕರಿಯ ಸುದ್ದಿ ಹೇಳಿದರು. ಆಮೇಲೆ ಮೇಜಿನ ಗಾಜಿನ ಕೆಳಗೆ ಬೆರಳು ತೋರಿಸಿದರು. ಮಾಸಿದ ನೀಲಿ ಕಾರ್ಬನ್ ಪ್ರತಿ, ಪಟ್ಟಿಯ ಕೊನೆಯ ಹಾಳೆ. ಮಾಸ್ತರರು ಮುಚ್ಚಿದ್ದು ಮೇಲಿನ ಪ್ರತಿಯ ಸಾಲನ್ನು ಮಾತ್ರ. ಇದರಲ್ಲಿ ನೂರಾ ಹದಿನೈದರ ಕೆಳಗೆ ನನ್ನ ಗಾಬರಿ ಹಾಗೇ ಇತ್ತು. ಎಕ್ಸಿಟ್, ಎಕ್ಸಿಟ್, ಕ್ವಿಟ್, ಹೆಲ್ಪ್.

"ಪಾಸಾದ ದಿನ ಮಾಸ್ತರ್ರು ಕೊಟ್ರು. ಇಟ್ಕೋ, ಇದರಾಗ ಒಬ್ಬ ಅಭ್ಯರ್ಥಿ ಇನ್ನೂ ಪರೀಕ್ಷಾಕ್ಕ ಕುಂತಿಲ್ಲ, ಸಿಕ್ಕಾಗ ಕುಂಡ್ರಸು ಅಂದ್ರು" ಎಂದು ಕಸ್ತೂರಕ್ಕ ಕೀಬೋರ್ಡನ್ನು ನನ್ನ ಕಡೆ ಸರಿಸಿದರು. ಡ್ರಾದಿಂದ ಒಂದು ಕರವಸ್ತ್ರ ತೆಗೆದರು. ನೀಲಿ ಅಂಚು ಮಾಸಿತ್ತು. ನನ್ನ ಎರಡೂ ಕೈಗಳ ಮೇಲೆ ಅದನ್ನು ಹೊದಿಸಿ, ಪರದೆಯ ದೀಪ ಆರಿಸಿ, "ಹೊಡೀರಿ, ನಿಮ್ಮ ಹೆಸರು, ತಂದೀ ಹೆಸರು, ಊರು" ಎಂದರು.

ಹೊರಗೆ ಸಾಲಿನಲ್ಲಿ ನಿಂತವರು ಇಣುಕಿ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಹೊಡೆದೆ. ಆ ಹೊತ್ತಿಗೆ ಜ್ವರ ಬರಲಿಲ್ಲ.

ಕಸ್ತೂರಕ್ಕ ಪರದೆ ಹಚ್ಚಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

"ಎರಡು ತಪ್ಪು. ಮಾಸ್ತರ್ರ ಲೆಕ್ಕದಾಗ ನಾಪಾಸು" ಎಂದರು. ನನ್ನ ಹೊಲದ ಕಾಗದದ ಮೇಲೆ ಠಸ್ಸೆ ಒತ್ತಿ ಕೈಗೆ ಕೊಟ್ಟರು. "ರೂಢಿ ಮಾಡ್ಕೊಂಡು ಬರ್ರಿ. ನಾ ರಿಟೈರ್ ಆಗೂದಕ್ಕ ಇನ್ನೂ ಎಂಟು ತಿಂಗಳು ಐತಿ."